ಫಾನೆಯೋ, ಬಿದಿರು ಹುಳುವೋ, ಏರಿಯೋ? ಹುಳು ತಿನ್ನಲು ಹೊರಟವರಿಗೆ ಒಂದು ಹೋಲಿಕೆ

ಗ್ಯಾಬರೋನ್ ಬಸ್ ನಿಲ್ದಾಣದ ಪಕ್ಕದ ಸಂತೆಯಲ್ಲಿ ಒಬ್ಬ ಹೆಂಗಸು ಗೋಣಿಚೀಲದ ಬಾಯಿ ಮಡಿಸಿಕೊಂಡು ಕೂತಿದ್ದರು. ಒಳಗೆ ಬೂದುಗಪ್ಪು ಬಣ್ಣದ, ಕಿರುಬೆರಳಷ್ಟು ಉದ್ದದ, ಒಣಗಿ ಸೊಟ್ಟಗಾದ ಏನೋ ಒಂದು. ದೂರದಿಂದ ಬಾಳಕದ ಮೆಣಸಿನಕಾಯಿ ಅಂದುಕೊಂಡೆ. ಹತ್ತಿರ ಹೋದರೆ ಕಾಲುಗಳು ಕಂಡವು. ತಗಡಿನ ಲೋಟದಲ್ಲಿ ಗೋಪುರದ ಹಾಗೆ ತುಂಬಿ ಅಳೆದು ಕೊಟ್ಟರು. ನಾನು ಚಿಲ್ಲರೆ ಎಣಿಸುತ್ತಿದ್ದಾಗ ಆಕೆ ಐದು ಪುಲಾ ನಾಣ್ಯವೊಂದನ್ನು ತಿರುಗಿಸಿ, ಬೆರಳಿಟ್ಟು ತೋರಿಸಿದರು. ಎಲೆಯ ಮೇಲೆ ಕೂತ ಹುಳು. ಅದೇ ಹುಳು, ಅಲ್ಲಿನವರ ಬಾಯಲ್ಲಿ ಫಾನೆ. ಬೋಟ್ಸ್ವಾನಾದಲ್ಲಿ ಹುಳುವಿನ ಚಿತ್ರ ಇರುವ ದುಡ್ಡು ಕೊಟ್ಟು ಹುಳು ಕೊಳ್ಳಬಹುದು.

ಅವತ್ತು ಸಂಜೆ ಅದನ್ನು ಹಾಗೇ ಎಣ್ಣೆಗೆ ಹಾಕಿ ಹುರಿದೆ. ಮೊದಲನೆಯದನ್ನು ಕಚ್ಚಿದಾಗಲೇ ಮರಳು ಹಲ್ಲಿಗೆ ಸಿಕ್ಕಿತು. ಎರಡನೆಯದರಲ್ಲಿ ಒಣಹುಲ್ಲಿನ ಕಹಿ. ಮೂರನೆಯದನ್ನು ಬಾಯಿಗೇ ಇಡಲಿಲ್ಲ. ಮರುದಿನ ಪಕ್ಕದ ಮನೆಯ ಹಿರಿಯಾಕೆಗೆ ಹೇಳಿದೆ. ಅಲ್ಲಿ ಹೆಂಗಸರನ್ನು ಮರ್ಯಾದೆಯಿಂದ ‘ಮ್ಮಾ’ ಅಂತ ಕರೆಯುತ್ತಾರೆ. ನಮ್ಮ ‘ಅಮ್ಮಾ’ ಇದ್ದ ಹಾಗೆ, ಕನ್ನಡದ ಬಾಯಿಗೆ ಸಲೀಸು. ಅವರು ಮೂರೇ ಪ್ರಶ್ನೆ ಕೇಳಿದರು. “ಎಲ್ಲಿ ಒಣಗಿಸಿದ್ದು ಅಂತ ಕೇಳಿದೆಯಾ? ಮುರಿದು ಹೊಟ್ಟೆ ನೋಡಿದೆಯಾ? ನೆನೆಸಿದೆಯಾ?” ಮೂರಕ್ಕೂ ಇಲ್ಲ. “ಮತ್ತೆ ಹುಳುವನ್ನು ಯಾಕೆ ಬೈತೀಯ ಮಗನೇ?” ಅಂದರು.

ನಾಲ್ಕು ವರ್ಷ ಅಲ್ಲಿದ್ದೆ. ಲೆಕ್ಕಪತ್ರದ ಕೆಲಸ. ಆಮೇಲೆ ಬೇರೆ ಊರುಗಳಲ್ಲೂ ಬೇರೆ ಹುಳು ತಿಂದೆ. ಈಗ ಗುರುತಿನವರು ಆಗಾಗ ಕೇಳುತ್ತಾರೆ. ಆಫ್ರಿಕಾಕ್ಕೆ ಕೆಲಸಕ್ಕೆ ಹೊರಟವರು, ಥಾಯ್ಲೆಂಡ್ ಪ್ರವಾಸದವರು, ಅಸ್ಸಾಮಿ ಗೆಳೆಯರ ಮನೆಗೆ ಊಟಕ್ಕೆ ಹೊರಟವರು, ಮತ್ತೆ ಜಿಮ್ಮಿಗೆ ಹೋಗುವ ಹುಡುಗರು. ಯಾವುದು ಒಳ್ಳೇದು, ಯಾವುದರಿಂದ ಶುರು ಮಾಡೋದು ಅಂತ. ಅವರಿಗಾಗಿ ಇದು. ತಿನ್ನದವರನ್ನು ಒಪ್ಪಿಸುವ ಆಸೆ ನನಗಿಲ್ಲ.

ಹುಳು ಅಂದರೆ ಕನ್ನಡದಲ್ಲಿ ಎಲ್ಲವೂ ಹುಳುವೇ, ಅಲ್ವಾ? ಇಲ್ಲಿ ನಾನು ಹೇಳುತ್ತಿರುವುದು ಚಿಟ್ಟೆ, ಪತಂಗಗಳ ಮರಿಹುಳು ಮತ್ತು ಅದರ ಮುಂದಿನ ಹಂತವಾದ ಕೋಶದ ಬಗ್ಗೆ ಮಾತ್ರ. ಮಲೆನಾಡಿನ ಚಗಳಿ ಇರುವೆ ಚಟ್ನಿ, ಮಳೆ ಬಂದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆ ಗೆದ್ದಲು ಹುರಿದು ತಿನ್ನುವುದು, ಇವೆಲ್ಲ ಬೇರೆ ಕಥೆ. ಅವನ್ನು ನೆನಪಿಸಿದ್ದು ಯಾಕೆಂದರೆ, ಹುಳು ತಿನ್ನೋದು ಎಲ್ಲೋ ದೂರದವರ ವಿಚಿತ್ರ ಅಂತ ಮೂಗು ಮುರಿಯುವ ಮೊದಲು ನಮ್ಮ ಕಡೆಯ ಅಡುಗೆಮನೆಗಳನ್ನೂ ಒಮ್ಮೆ ನೋಡಬಹುದು.

ಪ್ರೋಟೀನ್ ಅಂಕಿಯ ಮೋಸ

ಹೋಲಿಕೆ ಮಾಡುವವರೆಲ್ಲ ಮೊದಲು ಹಿಡಿಯುವುದು ಪ್ರೋಟೀನ್ ಅಂಕಿ. ಒಣಗಿದ ಫಾನೆಯಲ್ಲಿ ಶೇಕಡಾ 55ರಿಂದ 60 ಪ್ರೋಟೀನ್. ತೊಗರಿಬೇಳೆಯಲ್ಲಿ 22. ಕೋಳಿಯಲ್ಲಿ 20 ಚಿಲ್ಲರೆ. ನೋಡಿದಿರಾ, ಹುಳು ಕೋಳಿಗಿಂತ ಮೂರು ಪಟ್ಟು! ಹೀಗೆ ಬರೆದವರು ಒಂದು ಮಾತು ನುಂಗಿರುತ್ತಾರೆ. ಹುಳುವಿನ ಅಂಕಿ ಒಣಗಿದ ಮೇಲಿನದ್ದು, ಕೋಳಿಯದ್ದು ಹಸಿಯದ್ದು. ಹಸಿ ಫಾನೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಕೋಳಿಯನ್ನೂ ಸಂಡಿಗೆ ಹಾಗೆ ಒಣಗಿಸಿ ತೂಗಿದರೆ ಅದೂ ಕಡಿಮೆ ಬೀಳುವುದಿಲ್ಲ.

ಇನ್ನೊಂದು ವಿಷಯ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು, ಅದನ್ನು 6.25ರಿಂದ ಗುಣಿಸುತ್ತಾರೆ. ಹುಳುವಿನ ಚರ್ಮದಲ್ಲಿ ಕೈಟಿನ್ ಅನ್ನುವ ವಸ್ತು ಇದೆ. ಅದರಲ್ಲೂ ಸಾರಜನಕ ಇದೆ, ಆದರೆ ಅದು ಪ್ರೋಟೀನ್ ಅಲ್ಲ. ಹಾಗಾಗಿ ಅಂಕಿ ಸ್ವಲ್ಪ ಉಬ್ಬುತ್ತದೆ.

ಇದರರ್ಥ ಹುಳು ಸತ್ವವಿಲ್ಲದ್ದು ಅಂತಲ್ಲ. ಒಂದು ಹಿಡಿ ಒಣ ಫಾನೆ, ಅಂದರೆ ಸುಮಾರು 30 ಗ್ರಾಂ, ಸುಮಾರು 16 ಗ್ರಾಂ ಪ್ರೋಟೀನ್ ಕೊಡುತ್ತದೆ. ಎರಡೂವರೆ ಮೊಟ್ಟೆಯಷ್ಟು. ಕಬ್ಬಿಣದ ಅಂಶದಲ್ಲಂತೂ ಅದು ನಿಜವಾಗಿಯೂ ಮುಂದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿ ಪ್ರಕಾರ ಒಣ ತೂಕದ 100 ಗ್ರಾಂ ಫಾನೆಯಲ್ಲಿ 31ರಿಂದ 77 ಮಿಲಿಗ್ರಾಂ ಕಬ್ಬಿಣ. ಅಷ್ಟೇ ಒಣ ತೂಕದ ದನದ ಮಾಂಸದಲ್ಲಿ 6. ಇದು ಒಣಕ್ಕೆ ಒಣ ಇಟ್ಟು ನೋಡಿದ ಲೆಕ್ಕ, ಹಾಗಾಗಿ ನಂಬಬಹುದು.

ಆದರೂ ಅಂಕಿ ನೋಡಿ ಹುಳು ಆರಿಸಬೇಡಿ. ಯಾವ ಎಲೆ ತಿಂದಿತ್ತು, ಯಾರು ಒಣಗಿಸಿದರು, ಎಷ್ಟು ಹಳೆಯದು, ಈ ಮೂರರ ಮೇಲೆ ಬಾಯಿಗೆ ಬರುವ ರುಚಿಯೂ ಹೊಟ್ಟೆಗೆ ಬರುವ ತೊಂದರೆಯೂ ನಿಂತಿವೆ.

ಫಾನೆ: ಊಟಕ್ಕೆ ಇದು

ಬೋಟ್ಸ್ವಾನಾದಲ್ಲಿ ಫಾನೆ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಮಡೋರಾ, ಅಲ್ಲೇ ಎಂಡೆಬೆಲೆಯವರಲ್ಲಿ ಅಮಾಚಿಂಬಿ. ದಕ್ಷಿಣ ಆಫ್ರಿಕಾದ ವೆಂಡಾ ಜನ ಮಶೊಂಜಾ ಅನ್ನುತ್ತಾರೆ. ನಮೀಬಿಯಾದ ಉತ್ತರದಲ್ಲಿ ಒಮಾಗುಂಗು. ಹೆಸರು ಎಷ್ಟೇ ಇದ್ದರೂ ಹುಳು ಒಂದೇ. ಕಣ್ಣಿನ ಗುರುತಿರುವ ದೊಡ್ಡ ಪತಂಗವೊಂದರ ಮರಿ. ಮೊಪಾನೆ ಮರದ ಎಲೆ ತಿಂದು ಬೆಳೆಯುತ್ತದೆ. ಮೊಪಾನೆ ಎಲೆ ನೋಡಿದರೆ ನಮ್ಮ ಬಸವನಪಾದದ ನೆನಪಾಗುತ್ತದೆ. ಎರಡು ದಳ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಕೈಯಲ್ಲಿ ಉಜ್ಜಿದರೆ ಟರ್ಪೆಂಟೈನಿನ ವಾಸನೆ ಲಘುವಾಗಿ ಬರುತ್ತದೆ. ಆ ವಾಸನೆಯ ಎಳೆಯೊಂದು ಹುಳುವಿನಲ್ಲೂ ಉಳಿದಿರುತ್ತದೆ ಅಂತ ನನ್ನ ನಾಲಿಗೆ ಹೇಳುತ್ತದೆ.

ಮಳೆಗಾಲದಲ್ಲಿ ಎರಡು ಬೆಳೆ. ಡಿಸೆಂಬರ್ ಆಸುಪಾಸಿನದು ದೊಡ್ಡದು, ಏಪ್ರಿಲ್ ಆಸುಪಾಸಿನದು ಚಿಕ್ಕದು. ಮಳೆ ಕೈಕೊಟ್ಟರೆ ಹುಳುವೂ ಇಲ್ಲ. ಹುಳು ನಾಲ್ಕು ಸಲ ಪೊರೆ ಬಿಟ್ಟು ದಪ್ಪವಾದ ಮೇಲೆ, ಮಣ್ಣಿಗಿಳಿದು ಕೋಶವಾಗುವ ಮೊದಲು ಹಿಡಿಯಬೇಕು. ನಮ್ಮ ರೇಷ್ಮೆಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅಲ್ಲೂ ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಹುಳು ಹಣ್ಣಾಗುವುದನ್ನೇ ಕಾಯುವುದು ತಾನೇ?

ಒಮ್ಮೆ ಫ್ರಾನ್ಸಿಸ್‌ಟೌನ್ ಆಚೆಯ ಹಳ್ಳಿಯೊಂದರಲ್ಲಿ ಫಾನೆ ಹಿಡಿಯುವುದನ್ನು ನೋಡಿದೆ. ಹೆಂಗಸರು, ಮಕ್ಕಳು ಬೆಳಗಿನ ಜಾವವೇ ಹೊರಟಿದ್ದರು. ಹುಳುವಿನ ಮೈಮೇಲೆ ಸಣ್ಣ ಕಪ್ಪು ಮುಳ್ಳುಗಳಿವೆ. ಕೆಲವರು ಕೈಗವಸು ಹಾಕಿದ್ದರು, ಹೆಚ್ಚಿನವರು ಬರಿಗೈಯಲ್ಲೇ. ಕೊಂಬೆಯಿಂದ ಕಿತ್ತ ತಕ್ಷಣ ಹುಳುವಿನ ಒಂದು ತುದಿ ಚಿವುಟಿ, ಎರಡು ಬೆರಳ ನಡುವೆ ಎಳೆದು ಒಳಗಿನದೆಲ್ಲ ಹೊರಗೆ ಹಿಂಡುತ್ತಾರೆ. ಹಸಿರು ರಸ ಚಿಲ್ಲೆಂದು ಹಾರುತ್ತದೆ. ನಾನೂ ಕೂತೆ. ಹತ್ತು ಹುಳುವಿನೊಳಗೆ ಅಂಗಿ ಹಾಳಾಯಿತು. ಪಕ್ಕದಲ್ಲಿದ್ದ ಎಂಟು ವರ್ಷದ ಹುಡುಗಿ ನನ್ನ ಒಂದಕ್ಕೆ ಐದು ಮುಗಿಸುತ್ತಿದ್ದಳು. ಹಿಂಡಿದ್ದನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಿಸಿಲಿಗೆ ಹರಡುತ್ತಾರೆ. ಕೆಲವು ಕಡೆ ಬೇಯಿಸುವ ಬದಲು ಕೆಂಡದ ಬೂದಿಯಲ್ಲಿ ಹೊರಳಿಸಿ ಸುಡುತ್ತಾರೆ. ಮುಳ್ಳು ಅಲ್ಲೇ ಸುಟ್ಟುಹೋಗುತ್ತದೆ.

ಈಗ ಆಯ್ಕೆಗೆ ಬರೋಣ. ಒಂದೇ ಫಾನೆ ನಾಲ್ಕು ರೂಪದಲ್ಲಿ ಸಿಗುತ್ತದೆ.

ಬೇಯಿಸಿ ಬಿಸಿಲಲ್ಲಿ ಒಣಗಿಸಿದ್ದು ನನ್ನ ಮೊದಲ ಆಯ್ಕೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ನೆನೆಸಿ ಬೇಯಿಸಿದರೆ ಮೆತ್ತಗಾಗಿ ಮಸಾಲೆ ಹೀರುತ್ತದೆ. ಆದರೆ ಕೊಳ್ಳುವಾಗ ಕೇಳಬೇಕು: ನೆಲದ ಮೇಲೆ ಒಣಗಿಸಿದ್ದೋ, ಚಾಪೆ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೋ? ನೆಲದ ಮೇಲಿನದರಲ್ಲಿ ಮರಳು ಗ್ಯಾರಂಟಿ. ಅದಕ್ಕಿಂತ ದೊಡ್ಡ ತೊಂದರೆ ಬೂಷ್ಟು. ಸರಿಯಾಗಿ ಒಣಗದ ಫಾನೆಯಲ್ಲಿ ಅಫ್ಲಾಟಾಕ್ಸಿನ್ ಕಂಡುಬಂದಿದೆ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಬರುವ ಅದೇ ವಿಷ. ಒಂದನ್ನು ಕೈಯಲ್ಲಿ ಮುರಿಯಿರಿ. ಟಕ್ ಅಂತ ಮುರಿಯಬೇಕು. ಬಾಗಿದರೆ ಬೇಡ. ಒಳಗೆ ಕಪ್ಪು ಹಸಿರು ಪುಡಿ ತುಂಬಿದ್ದರೆ ಸರಿಯಾಗಿ ಹಿಂಡಿಲ್ಲ ಅಂತ ಅರ್ಥ. ನನ್ನ ಮೊದಲ ದಿನದ ಕಹಿ ಅದೇ. ವಿಷವೇನಲ್ಲ, ಅರ್ಧ ಜೀರ್ಣವಾದ ಎಲೆ ಅಷ್ಟೇ. ಆದರೆ ಬಾಯಿ ಒಪ್ಪುವುದಿಲ್ಲ.

ಬೂದಿಯಲ್ಲಿ ಸುಟ್ಟಿದ್ದಕ್ಕೆ ಹೊಗೆಯ ರುಚಿ. ಸುಮ್ನೆ ಹಾಗೇ ಕೂತು ಕುರುಕಲು ಇದು ಚೆನ್ನ, ಸಾರಿಗೆ ಅಷ್ಟು ಹೊಂದುವುದಿಲ್ಲ. ಡಬ್ಬಿಯಲ್ಲಿ ಟೊಮೆಟೊ ಸಾಸಿನಲ್ಲೋ ಖಾರದ ಸಾಸಿನಲ್ಲೋ ಹಾಕಿಟ್ಟದ್ದೂ ಅಂಗಡಿಗಳಲ್ಲಿ ಸಿಗುತ್ತದೆ. ಅನುಕೂಲವೇನೋ ಹೌದು, ಆದರೆ ಹುಳು ಮೆತ್ತಗೆ ಹಿಟ್ಟಿನ ಹಾಗಾಗಿರುತ್ತದೆ, ಸಾಸಿನ ರುಚಿಯೇ ಮುಂದೆ. ಹಿಂಜರಿಕೆ ಇರುವವರಿಗೆ ಇದರಿಂದ ಅನುಕೂಲ ಆಗಬಹುದೇನೋ. ನನಗಂತೂ ಹಣ ದಂಡ ಅನಿಸಿತು. ಸುಗ್ಗಿ ಕಾಲದಲ್ಲಿ ಹಸಿಯದೇ ಸಿಕ್ಕರೆ, ಹಿಂಡಲು ಕಲಿತ ಕೈ ಮನೆಯಲ್ಲಿದ್ದರೆ, ಅದರ ಮುಂದೆ ಉಳಿದ ಮೂರೂ ನಿಲ್ಲುವುದಿಲ್ಲ.

ರುಚಿ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನೆನೆಸಿ, ಈರುಳ್ಳಿ ಟೊಮೆಟೊ ಹಸಿಮೆಣಸಿನ ಜೊತೆ ಬೇಯಿಸಿದ ಫಾನೆ ನನಗೆ ಒಣಮೀನಿನ ಹತ್ತಿರ ಬರುತ್ತದೆ, ಮೀನಿನ ನಾತ ಇಲ್ಲದೆ. ಚಹಾಸೊಪ್ಪಿನ ಒಗರು ಹಿಂದಿನಿಂದ ಬರುತ್ತದೆ. ಅಲ್ಲಿ ಇದನ್ನು ಬೊಹೋಬೆ ಜೊತೆ ತಿನ್ನುತ್ತಾರೆ. ಬೊಹೋಬೆ ಅಂದರೆ ಜೋಳದ ಹಿಟ್ಟಿನ ಗಟ್ಟಿ ಅಂಬಲಿ, ಮುದ್ದೆಗೆ ತೀರಾ ಹತ್ತಿರದ ಸಂಬಂಧಿ. ನಾನು ರಾಗಿ ಮುದ್ದೆಯೊಂದಿಗೆ ತಿಂದು ನೋಡಿದೆ. ಹೇಳಬಾರದು, ಆದರೆ ಜೋಳಕ್ಕಿಂತ ರಾಗಿಯೇ ಚೆನ್ನಾಗಿ ಕೂಡುತ್ತದೆ.

ಫಾನೆಯ ವ್ಯಾಪಾರ ಸಣ್ಣದಲ್ಲ. ಆ 2013ರ ವರದಿಯ ಅಂದಾಜಿನಂತೆ ಆಫ್ರಿಕಾದ ದಕ್ಷಿಣ ಭಾಗದಲ್ಲಿ ವರ್ಷಕ್ಕೆ 950 ಕೋಟಿ ಹುಳು ಹಿಡಿಯುತ್ತಾರೆ, ಬೆಲೆ 8.5 ಕೋಟಿ ಡಾಲರ್. ದುಡ್ಡು ಬಂದ ಕಡೆ ಅವಸರವೂ ಬಂದಿದೆ. ಕೊಂಬೆ ಕಡಿದು ಹುಳು ಕೀಳುವುದು, ಮಣ್ಣಿಗಿಳಿಯಲು ಒಂದನ್ನೂ ಬಿಡದಿರುವುದು, ಬಲಿಯುವ ಮೊದಲೇ ಬಾಚುವುದು. ಕೆಲವು ಕಡೆ ಊರ ಮುಖ್ಯಸ್ಥರು ಹೇಳುವ ತನಕ ಕಾಡಿಗೆ ಕಾಲಿಡುವಂತಿಲ್ಲ. ಕೊಳ್ಳುವವರಾಗಿ ನಾವು ಮಾಡಬಹುದಾದ್ದು ಸ್ವಲ್ಪವೇ: ಬಲಿಯದ ಸಣ್ಣ ಹುಳು ಅಗ್ಗಕ್ಕೆ ಸಿಕ್ಕಿದರೂ ಬಿಟ್ಟುಬಿಡಿ. ಹೇಗೂ ಅದರಲ್ಲಿ ಸಿಪ್ಪೆಯೇ ಜಾಸ್ತಿ.

ಬಿದಿರು ಹುಳು: ಮೊದಲ ಸಲಕ್ಕೆ ಇದು

ಥಾಯ್ಲೆಂಡಿನ ಉತ್ತರ ಭಾಗ, ಲಾವೋಸ್, ಚೀನಾದ ಯುನ್ನಾನ್, ಮ್ಯಾನ್ಮಾರ್. ಈ ಪಟ್ಟಿಯ ಬಿದಿರು ಮೆಳೆಗಳೊಳಗೆ ಒಂದು ಬಿಳಿ ಹುಳು ಇರುತ್ತದೆ. ಥಾಯ್ ಜನ ಇದನ್ನು ಪ್ರೀತಿಯಿಂದ ‘ರೋಟ್ ದುವನ್’ ಅನ್ನುತ್ತಾರೆ, ಅಂದರೆ ಎಕ್ಸ್‌ಪ್ರೆಸ್ ರೈಲು. ಉದ್ದಕ್ಕೆ ಗೆರೆಗೆರೆಯಾಗಿ ಬೋಗಿ ಜೋಡಿಸಿದ ಹಾಗೆ ಕಾಣುವುದಕ್ಕೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಇದಕ್ಕೆ ಮುಳ್ಳಿಲ್ಲ, ಕೂದಲಿಲ್ಲ. ಬಿದಿರಿನ ಒಳಗೇ ತಿಂದು, ಒಳಗೇ ತಿಂಗಳುಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಮಣ್ಣು ಮುಟ್ಟಿಲ್ಲ, ಮರಳಿಲ್ಲ. ಹಾಗಾಗಿ ಇದರ ಶುಚಿ ಬೇರೆಯದಕ್ಕಿಲ್ಲ. ಗೆಣ್ಣಿನ ಹತ್ತಿರ ಸಣ್ಣ ತೂತು ಕಂಡರೆ ಒಳಗೆ ಹುಳು ಇದೆ ಅಂತ ತಿಳಿದವರಿಗೆ ಗೊತ್ತಾಗುತ್ತದೆ. ಹಿಂದೆಲ್ಲ ಬಿದಿರನ್ನೇ ಕಡಿದು ಕೆಡವುತ್ತಿದ್ದರು. ಈಗ ಬುದ್ಧಿವಂತರು ಹುಳು ಇರುವ ಗೆಣ್ಣಿಗೆ ಮಾತ್ರ ಕಿಂಡಿ ಕೊರೆದು ತೆಗೆಯುತ್ತಾರೆ, ಬಿದಿರು ಉಳಿಯುತ್ತದೆ.

ಕರಿದು, ಉಪ್ಪು ಮತ್ತು ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಚಿಯಾಂಗ್ ಮಾಯ್‌ನ ಬೆಳಗಿನ ಸಂತೆಯಲ್ಲಿ ಒಂದು ಪೊಟ್ಟಣ ತಿಂದೆ. ಕಣ್ಣು ಮುಚ್ಚಿ ತಿಂದರೆ ಅರಳು ಸಂಡಿಗೆ. ಒಳಗೆ ಏನೂ ಇಲ್ಲದ ಹಾಗೆ, ಗರಿಗರಿ, ಸ್ವಲ್ಪ ಬೆಣ್ಣೆ, ಸ್ವಲ್ಪ ಹಸಿ ಜೋಳದ ರುಚಿ. ಎರಡನೇ ಪೊಟ್ಟಣವನ್ನೂ ಕೊಂಡೆ. ಹುಳು ತಿನ್ನಲು ಅಂಜುವವರಿಗೆ ಇದರಿಂದಲೇ ಶುರು ಮಾಡಿ ಅನ್ನುವುದು ಅದಕ್ಕೇ.

ಆದರೆ ಪ್ರೋಟೀನಿಗಾಗಿ ಬಂದವರಿಗೆ ಇದು ಸರಿಯಲ್ಲ. ಹಸಿ ಬಿದಿರು ಹುಳುವಿನ 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 9 ಗ್ರಾಂ, ಕೊಬ್ಬು ಸುಮಾರು 20 ಗ್ರಾಂ. ಅದನ್ನು ಮತ್ತೆ ಎಣ್ಣೆಯಲ್ಲಿ ಕರಿಯುತ್ತಾರೆ. ರುಚಿ ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ಲ. ಇನ್ನೊಂದು ಕಿವಿಮಾತು. ಬ್ಯಾಂಕಾಕ್‌ನಲ್ಲಿ ಪ್ರವಾಸಿಗರ ಬೀದಿಯ ಗಾಡಿಗಳಲ್ಲಿ ಚೇಳಿನ ಪಕ್ಕ ಇಟ್ಟು ಮಾರುವುದನ್ನು ಕೊಳ್ಳಬೇಡಿ. ಅಲ್ಲಿ ಮಾರಾಟಕ್ಕಿರುವುದು ಫೋಟೋ, ತಿಂಡಿಯಲ್ಲ. ಎಣ್ಣೆ ಎಷ್ಟು ದಿನದ್ದೋ. ಕೊಬ್ಬು ಜಾಸ್ತಿ ಇರುವ ಹುಳು ಬೇಗ ಕಮಟುತ್ತದೆ. ಊರಿನವರೇ ಸಾಲು ನಿಂತು ಕೊಳ್ಳುವ ಕಡೆ ಕೊಳ್ಳಿ.

ರೇಷ್ಮೆ ಕೋಶ: ಹತ್ತಿರದ್ದು, ಆದರೆ ಎಲ್ಲವೂ ಒಂದಲ್ಲ

“ನಮ್ಮಲ್ಲೇ ರಾಮನಗರ, ಶಿಡ್ಲಘಟ್ಟದಲ್ಲಿ ಕೋಶದ ರಾಶಿ ಬಿದ್ದಿರುತ್ತಲ್ಲ, ಅದನ್ನೇ ತಿಂದರೆ ಆಗಲ್ವಾ?” ಇದು ಬಹಳ ಜನ ಕೇಳುವ ಪ್ರಶ್ನೆ. ಒಳ್ಳೇ ಪ್ರಶ್ನೆಯೇ. ನನ್ನ ಅಜ್ಜಿಯ ಮನೆಯಲ್ಲಿ ಹುಳು ಸಾಕುತ್ತಿದ್ದರು. ಹುಳುವಿನ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರು ತಟ್ಟೆಗೆ ಬಿಡುವ ದಿನ ಮನೆಯಲ್ಲಿ ಹಬ್ಬದ ಗಡಿಬಿಡಿ. ಅಷ್ಟು ಮಡಿಯಲ್ಲಿ ಸಾಕಿದ ಹುಳು ಯಾಕೆ ತಿನ್ನಬಾರದು?

ತೊಂದರೆ ಇರುವುದು ಸಾಕಣೆಯಲ್ಲಲ್ಲ, ಅದರ ಮುಂದಿನದರಲ್ಲಿ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ಗೂಡಿನ ತೂಕದಲ್ಲಿ ಮುಕ್ಕಾಲು ಪಾಲು ಒಳಗಿನ ಕೋಶದ್ದೇ. ನೂಲು ಬಿಚ್ಚುವಾಗ ಗೂಡನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಅದೇ ನೀರಿನಲ್ಲಿ ಗೂಡಿನ ಮೇಲೆ ಗೂಡು. ನೂಲು ಮುಗಿದು ತಳಕ್ಕೆ ಬಿದ್ದ ಕೋಶವನ್ನು ಯಾರೂ ಊಟದ ಸಾಮಾನು ಅಂತ ನೋಡಿಕೊಳ್ಳುವುದಿಲ್ಲ. ರಾಶಿ ಹಾಕುತ್ತಾರೆ, ಅದು ನಾರುತ್ತದೆ, ಎಣ್ಣೆ ತೆಗೆಯಲು, ಕೋಳಿ ಮೀನಿನ ಆಹಾರಕ್ಕೆ ಹೋಗುತ್ತದೆ. ಆ ರಸ್ತೆಗಳಲ್ಲಿ ಓಡಾಡಿದವರಿಗೆ ವಾಸನೆ ಗೊತ್ತು. ಸಾಕುವ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವುದೂ ಇದೆ. ಹಾಗಾಗಿ ಆ ರಾಶಿ ಕಡೆ ಕೈ ಹಾಕಬೇಡಿ.

ಕೊರಿಯಾದವರು ಇದೇ ಹಿಪ್ಪುನೇರಳೆ ರೇಷ್ಮೆಯ ಕೋಶವನ್ನು ತಿನ್ನುತ್ತಾರೆ. ಬೊಂಡೇಗಿ ಅಂತ ಹೆಸರು. ಬೀದಿಯಲ್ಲಿ ಬಿಸಿಬಿಸಿಯಾಗಿ ಕಾಗದದ ಲೋಟದಲ್ಲಿ ಕೊಡುತ್ತಾರೆ, ಅಂಗಡಿಯಲ್ಲಿ ಡಬ್ಬಿಯಲ್ಲೂ ಸಿಗುತ್ತದೆ. ಅಲ್ಲಿ ಕೋಶವನ್ನು ತಿನ್ನುವ ವಸ್ತುವಾಗಿ ನೋಡಿಕೊಳ್ಳುತ್ತಾರೆ. ಒಣ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪ್ರೋಟೀನ್, ಕಾಲು ಭಾಗಕ್ಕೂ ಮೇಲೆ ಕೊಬ್ಬು. ಆದರೆ ವಾಸನೆ ಜೋರು. ಕಚ್ಚಿದರೆ ಒಳಗಿನ ರಸ ಬಾಯೊಳಗೆ ಒಡೆಯುತ್ತದೆ. ನನಗೆ ಅಜ್ಜಿ ಊರಿನ ನೂಲು ಬಿಚ್ಚಾಣಿಕೆ ಮನೆ ನೆನಪಾಗಿ ಲೋಟ ಮುಗಿಸಲು ಆಗಲಿಲ್ಲ. ಇದು ನನ್ನ ದೋಷವೇ ಇರಬಹುದು. ರೇಷ್ಮೆ ಸೀಮೆಯಿಂದ ಬಂದವರು ಬೊಂಡೇಗಿಯಿಂದ ಶುರು ಮಾಡಬೇಡಿ ಅಂತ ಮಾತ್ರ ಹೇಳುತ್ತೇನೆ.

ಭಾರತದಲ್ಲೇ ತಿನ್ನಬೇಕು ಅಂದರೆ ಆರಿಸಬೇಕಾದ್ದು ಏರಿ. ಅಸ್ಸಾಮಿನಲ್ಲಿ ‘ಏರಾ’ ಅಂದರೆ ಹರಳು ಗಿಡ. ಅದರ ಎಲೆ ತಿನ್ನುವ ಹುಳು ಏರಿ ಪೋಲು. ಬೋಡೊ ಜನರ ಮನೆಗಳಲ್ಲಿ, ಮೇಘಾಲಯ, ನಾಗಾಲ್ಯಾಂಡಿನಲ್ಲಿ ಇದು ಅಕ್ಕರೆಯ ಊಟ. ಏರಿಯ ಗೂಡಿಗೆ ಒಂದು ತುದಿಯಲ್ಲಿ ಬಾಯಿ ಇದೆ, ನೂಲನ್ನು ಒಂದೇ ಎಳೆಯಾಗಿ ಬಿಚ್ಚಲು ಬರುವುದಿಲ್ಲ. ಹತ್ತಿಯ ಹಾಗೆ ನೂಲುತ್ತಾರೆ. ಹುಳುವನ್ನು ಬೇಯಿಸದೆ ನೂಲು ತೆಗೆಯಬಹುದು ಅಂತ ಊರಾಚೆಯ ಅಂಗಡಿಗಳಲ್ಲಿ ಇದಕ್ಕೆ ‘ಅಹಿಂಸಾ ರೇಷ್ಮೆ’ ಅಂತ ಹೆಸರಿಟ್ಟು ಮಾರುತ್ತಾರೆ. ಸಾಕುವ ಮನೆಗಳಲ್ಲಿ ಮಾತ್ರ ಗೂಡಿನಿಂದ ಹೊರಬಂದದ್ದು ನೇರ ಬಾಣಲೆಗೆ. ಎಷ್ಟೋ ಮನೆಗಳಲ್ಲಿ ಹುಳುವೇ ಮುಖ್ಯ, ನೂಲು ಆಮೇಲಿನದು. ಏರಿ ಶಾಲು ಹೊದ್ದುಕೊಂಡವರಿಗೆ ಇದನ್ನು ಹೇಳಿ ನೋಡಿ, ಮುಖ ನೋಡುವ ಹಾಗಿರುತ್ತದೆ.

ಏರಿಯ ಹೆಚ್ಚುಗಾರಿಕೆ ಇದೇ. ಬಿಚ್ಚಾಣಿಕೆಯ ಕೊಳಕು ನೀರು ಮುಟ್ಟಿಲ್ಲ. ಸಾಕಿದವರೇ ತಿನ್ನುತ್ತಾರೆ, ಹಾಗಾಗಿ ಎಚ್ಚರಿಕೆಯೂ ಇರುತ್ತದೆ. ಮಾಗಿದ ಹುಳು ಮತ್ತು ಕೋಶ, ಎರಡನ್ನೂ ತಿನ್ನುತ್ತಾರೆ. ಕೋಶ ಕಟ್ಟಿಕೊಳ್ಳುವ ಮೊದಲಿನ ಹಂತದ್ದೇ ರುಚಿ ಅಂತ ಗೆಳೆಯನ ತಾಯಿ ಹೇಳಿದರು. “ಬೇಟಾ, ಚರ್ಮ ಗಟ್ಟಿಯಾದ ಮೇಲೆ ಹಲ್ಲಿಗೆ ಸಿಗುತ್ತೆ” ಅಂತ ತಟ್ಟೆಗೆ ಮತ್ತೊಂದು ಸೌಟು ಹಾಕಿದರು. ಸಾಸಿವೆ ಎಣ್ಣೆ, ಶುಂಠಿ, ಹಸಿಮೆಣಸು, ಬಿದಿರು ಕಳಲೆ. ಒಳಗೆ ಮೊಟ್ಟೆಯ ಭಂಡಾರದಂತೆ ಮೆತ್ತಗೆ, ನೆಲಗಡಲೆಯ ರುಚಿ. ಕಳಲೆಯ ಹುಳಿ ಕೊಬ್ಬನ್ನು ಕತ್ತರಿಸುತ್ತದೆ. ಬೆಂಗಳೂರಿನಲ್ಲಿ ಈಶಾನ್ಯದವರು ನಡೆಸುವ ದಿನಸಿ ಅಂಗಡಿಗಳಲ್ಲಿ ಕೇಳಿ ನೋಡಬಹುದು. ತಾಜಾ ಅಥವಾ ಫ್ರೀಜ್ ಮಾಡಿದ್ದು, ಹಳದಿಯಾಗಿ, ಉಬ್ಬಿಕೊಂಡು ಇರಬೇಕು. ಕಪ್ಪಾಗಿದ್ದರೆ ಬೇಡ.

ಇನ್ನುಳಿದವು

ಬುರ್ಕಿನಾ ಫಾಸೊದ ಬೋಬೊ-ಡಿಯುಲಾಸೊ ಸೀಮೆಯ ಚಿಟೂಮೂ ಅನ್ನುವ ಮರಿಹುಳು, ಅಂಕಿ ನೋಡುವವರಿಗೆ ಇಷ್ಟವಾಗುತ್ತದೆ. ಒಣ ತೂಕದಲ್ಲಿ ಶೇಕಡಾ 63ರಷ್ಟು ಪ್ರೋಟೀನ್. ಶಿಯಾ ಮರದ ಎಲೆ ಮಾತ್ರ ತಿನ್ನುತ್ತದೆ. ಶಿಯಾ ಅಂದರೆ ಚಳಿಗಾಲದ ಕ್ರೀಮಿನಲ್ಲಿ ಹೆಸರಿರುತ್ತಲ್ಲ, ಅದೇ. ನಮ್ಮ ಇಪ್ಪೆ ಮರದ ಬಳಗದ್ದು. ಹೊಲದ ನಡುವಿನ ಮರದಿಂದ ಹುಳು, ಅದೇ ಮರದಿಂದ ಬೆಣ್ಣೆ, ಕೆಳಗೆ ಜೋಳದ ಬೆಳೆ. ಹಿಂದಿನ ವರ್ಷದ ಧಾನ್ಯ ಮುಗಿದು ಹೊಸದು ಬರುವ ಮೊದಲು, ಹೊಟ್ಟೆಗೆ ಕಷ್ಟದ ಮಳೆ ತಿಂಗಳುಗಳಲ್ಲೇ ಈ ಹುಳು ಸಿಗುವುದು. ಪಶ್ಚಿಮ ಆಫ್ರಿಕಾದಲ್ಲಿ ಇರುವವರು ಬಿಡಬೇಡಿ.

ಕಾಂಗೋದ ಕಿನ್ಶಾಸಾ ನಗರದಲ್ಲಿ ಮರಿಹುಳು ಹಬ್ಬದ ತಿಂಡಿಯಲ್ಲ, ವಾರದ ದಿನಸಿ. ಅಲ್ಲಿ ಒಂದು ಮನೆ ವಾರಕ್ಕೆ ಸರಾಸರಿ 300 ಗ್ರಾಂ ತಿನ್ನುತ್ತದೆ ಅಂತ ಆಹಾರ ಮತ್ತು ಕೃಷಿ ಸಂಸ್ಥೆ ಹಿಂದೆ ಲೆಕ್ಕ ಹಾಕಿತ್ತು. ಹುಳು ಬರುವುದು ಕಾಡಿನ ದೊಡ್ಡ ಮರಗಳಿಂದ. ಅದರಲ್ಲಿ ಸಪೆಲಿ ಮರದ ದಿಮ್ಮಿಗೆ ಪೀಠೋಪಕರಣದವರ ಬೇಡಿಕೆ ಜಾಸ್ತಿ. ಮರ ಬಿದ್ದರೆ ಊರಿನವರ ಊಟವೂ ಬಿತ್ತು.

ಮೆಕ್ಸಿಕೋದಲ್ಲಿ ಕತ್ತಾಳೆಯೊಳಗಿನ ಎರಡು ಹುಳು, ಬಿಳಿಯದು ಮತ್ತು ಕೆಂಪು. ಎರಡೂ ದುಬಾರಿ, ಎರಡರಲ್ಲೂ ಕೊಬ್ಬು ಹೇರಳ. ಬಿಳಿಯದನ್ನು ಬೆಣ್ಣೆಯಲ್ಲಿ ಹುರಿದು ಟೋರ್ಟಿಯಾ ರೊಟ್ಟಿ ಜೊತೆ ತಿನ್ನುತ್ತಾರೆ. ಕೆಂಪನ್ನು ಒಣಗಿಸಿ, ಉಪ್ಪು ಒಣಮೆಣಸಿನ ಜೊತೆ ಕುಟ್ಟಿ ಪುಡಿ ಮಾಡುತ್ತಾರೆ. ಹುಳುವನ್ನು ಹುಳುವಿನ ರೂಪದಲ್ಲಿ ನೋಡಲು ಆಗದವರಿಗೆ ಈ ಚಟ್ನಿಪುಡಿ ಒಳ್ಳೆಯ ದಾರಿ. ಕತ್ತಾಳೆಯ ಮದ್ಯವಾದ ಮೆಸ್ಕಾಲ್ ಬಾಟಲಿಯ ತಳದ ಹುಳು ಮಾತ್ರ ಹಳೆಯ ಸಂಪ್ರದಾಯವಲ್ಲ. 20ನೇ ಶತಮಾನದ ಮಧ್ಯದಲ್ಲಿ ಬಂದ ವ್ಯಾಪಾರದ ಉಪಾಯ.

ಯಾರು ತಿನ್ನಬಾರದು, ಯಾವುದನ್ನು ತಿನ್ನಬಾರದು

ಸಿಗಡಿ, ಏಡಿ ತಿಂದರೆ ಮೈ ಕೆರೆತ, ಬಾಯಿ ಊತ ಬರುವವರು ಹುಳುವಿನ ಹತ್ತಿರ ಹೋಗಬೇಡಿ. ಎರಡರ ಒಳಗೂ ಒಂದೇ ಜಾತಿಯ ಪ್ರೋಟೀನ್ ಇದೆ. ರೇಷ್ಮೆ ಬಿಚ್ಚುವ ಮನೆಯಲ್ಲಿ ಕೆಲಸ ಮಾಡಿ ಉಬ್ಬಸ ಬಂದವರಿಗೂ ಇದೇ ಮಾತು.

ಬೇಯಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು. ನೈಜೀರಿಯಾದ ನೈಋತ್ಯ ಭಾಗದಲ್ಲಿ ಮಳೆಗಾಲದಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ನಡಿಗೆ ತಪ್ಪುತ್ತಿತ್ತು, ಕೈಕಾಲು ನಡುಗುತ್ತಿತ್ತು. ಕಾರಣ ಅನಾಫೆ ಅನ್ನುವ ಆಫ್ರಿಕಾದ ಕಾಡು ರೇಷ್ಮೆ ಹುಳು. ಅದರಲ್ಲಿ ಬಿ1 ವಿಟಮಿನ್ ನಾಶಮಾಡುವ ಒಂದು ಕಿಣ್ವ ಇದೆ. ಸಾಧಾರಣ ಬಿಸಿಗೆ ಅದು ಜಗ್ಗುವುದಿಲ್ಲ. ಬರೀ ಗೆಣಸು ಗಡ್ಡೆ ಊಟದ ಮೇಲೆ ಈ ಹುಳು ತಿಂದವರಿಗೆ ತೊಂದರೆ ಆಯಿತು, ಬಿ1 ಕೊಟ್ಟ ಮೇಲೆ ಚೇತರಿಸಿಕೊಂಡರು.

ನುಗ್ಗೆ ಮರದ ಕಂಬಳಿಹುಳುವನ್ನು ನೋಡಿ ‘ಇದೂ ಎಲೆ ತಿನ್ನೋದೇ ಅಲ್ವಾ’ ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಅಯ್ಯೋ, ಬೇಡಪ್ಪ. ಆ ಕೂದಲು ಮೈಗೆ ತಾಗಿದರೇ ದದ್ದು ಏಳುತ್ತದೆ, ಗಂಟಲಿಗೆ ಹೋದರೆ? ತಲೆಮಾರುಗಳಿಂದ ತಿಂದು ತಿಳಿದವರು ಇರುವ ಹುಳುವನ್ನು ಮಾತ್ರ, ಅವರು ಮಾಡುವ ರೀತಿಯಲ್ಲೇ ಮಾಡಿ ತಿನ್ನಬೇಕು. ಹತ್ತಿ, ತರಕಾರಿ ಹೊಲದಿಂದ ಬಂದದ್ದಾದರೆ ಔಷಧಿ ಹೊಡೆದಿರುತ್ತಾರೆ. ಕೇಳದೆ ಕೊಳ್ಳಬೇಡಿ. ಬೇರೆ ದೇಶಕ್ಕೆ ಒಯ್ಯುವವರು ಅಲ್ಲಿನ ಕಸ್ಟಮ್ಸ್ ನಿಯಮ ಮೊದಲೇ ನೋಡಿ. ವಿಮಾನ ನಿಲ್ದಾಣದಲ್ಲಿ ಅರ್ಧ ಕಿಲೋ ಫಾನೆ ಕಸದ ಬುಟ್ಟಿಗೆ ಹಾಕಿದ ಸಂಕಟ ನನಗೆ ಗೊತ್ತು.

ಸರಿ, ನೀವು ಯಾವುದು ಕೊಳ್ಳಬೇಕು?

ಬರೀ ಕುತೂಹಲ, ಒಮ್ಮೆ ತಿಂದು ನೋಡುವ ಆಸೆ ಅಂದರೆ ಬಿದಿರು ಹುಳು. ಅನ್ನ ಮುದ್ದೆ ಜೊತೆ ಸಾರಿನ ಹಾಗೆ ವಾರಕ್ಕೊಮ್ಮೆ ತಿನ್ನುವ ಮನಸ್ಸಿದ್ದರೆ, ಆಫ್ರಿಕಾದ ದಕ್ಷಿಣ ಭಾಗದಲ್ಲಿ ವಾಸವಿದ್ದರೆ, ಬೇಯಿಸಿ ಒಣಗಿಸಿದ ಫಾನೆ. ಭಾರತದಲ್ಲೇ ಇದ್ದು, ತಿಳಿದವರ ಕೈ ಅಡುಗೆ ಸಿಗುವ ಹಾಗಿದ್ದರೆ ಏರಿ. ಅದರಲ್ಲೂ ಗೆಳೆಯರ ಮನೆಯಲ್ಲಿ, ಹೋಟೆಲಿನಲ್ಲಲ್ಲ. ಜಿಮ್ ಹುಡುಗರಿಗೆ ನನ್ನ ಉತ್ತರ ಮೊಟ್ಟೆ. ತಮಾಷೆಯಲ್ಲ. ಬೆಂಗಳೂರಿನಲ್ಲಿ ಕೂತು ತರಿಸಿದ ಹುಳುವಿನ ಬೆಲೆಗೆ ತಿಂಗಳಿಡೀ ಮೊಟ್ಟೆ ಬರುತ್ತದೆ. ಹುಳು ಅಗ್ಗದ ಪ್ರೋಟೀನ್ ಆಗುವುದು ಅದು ಬೆಳೆಯುವ ಮರದ ಬುಡದಲ್ಲಿ ಮಾತ್ರ.

ಫಾನೆ ಕೊಂಡವರಿಗೆ ಮ್ಮಾ ಹೇಳಿಕೊಟ್ಟ ರೀತಿ ಇದು. ಎರಡು ಹಿಡಿ ಒಣ ಫಾನೆಯ ತಲೆ, ಮುಳ್ಳು ಉಜ್ಜಿ ತೆಗೆದು ಮೂರು ನೀರಿನಲ್ಲಿ ತೊಳೆಯಿರಿ. ಮೂರನೇ ನೀರಿನ ತಳದಲ್ಲಿ ಮರಳು ಕಂಡರೆ ನಾಲ್ಕನೆಯದು. ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ, ಉಪ್ಪು ಹಾಕಬೇಡಿ, ಹುಳುವಿನಲ್ಲೇ ಇರುತ್ತದೆ. ನೀರು ಇಂಗಿದ ಮೇಲೆ ಎಣ್ಣೆ, ಈರುಳ್ಳಿ, ಟೊಮೆಟೊ, ಹಸಿಮೆಣಸು. ಕೊನೆಗೆ ಹುರಿದು ಪುಡಿ ಮಾಡಿದ ಕಡಲೆಕಾಯಿ ಒಂದು ಮುಷ್ಟಿ. ಬೆಳ್ಳುಳ್ಳಿ ನಾನು ಸೇರಿಸಿದ್ದು, ಅವರು ಬೇಡ ಅನ್ನಲಿಲ್ಲ. ಒಲೆ ಆರಿಸುವ ಮೊದಲು ಒಂದನ್ನು ತೆಗೆದು ಕಚ್ಚಿ ನೋಡಿ. ನಡುವೆ ಇನ್ನೂ ನಾರು ನಾರಾಗಿ ಸಿಕ್ಕರೆ ಇನ್ನೊಂದು ಲೋಟ ನೀರು ಹಾಕಿ ಮುಚ್ಚಿಡಿ.